ಒಡೆತನವೋ, ಹಂಚಿಕೆಯೋ?

ಬ್ರಿಟನ್ನಿನ ಲೇಬರ್ ಪಕ್ಷ 1918ರಲ್ಲಿ ತನ್ನ ಸಂವಿಧಾನದ ನಾಲ್ಕನೇ ಕಲಮಿನಲ್ಲಿ ಉತ್ಪಾದನಾ ಸಾಧನಗಳ ಸಾಮೂಹಿಕ ಒಡೆತನವನ್ನು ಗುರಿಯಾಗಿ ಬರೆದುಕೊಂಡಿತು. ಯಾವ ದೇಶ ಸಮಾಜವಾದಿ ಎಂದು ಅಳೆಯುವುದು ಆಗ ಸುಲಭವಿತ್ತು: ಗಣಿ, ರೈಲು, ಉಕ್ಕಿನ ಕಾರ್ಖಾನೆ ಯಾರ ಕೈಯಲ್ಲಿವೆ ಎಂದು ನೋಡಿದರೆ ಸಾಕು. ಈ ಅಳತೆಯನ್ನು ಅಲುಗಾಡಿಸಿದವರಲ್ಲಿ ಲೇಬರ್ ಪಕ್ಷದ ಚಿಂತಕ ಆಂಥೊನಿ ಕ್ರಾಸ್‌ಲೆಂಡ್ ಮುಖ್ಯರು. ಸಮಾನತೆಯೇ ಗುರಿ, ಒಡೆತನ ಅದಕ್ಕೊಂದು ಸಾಧನವಷ್ಟೇ ಎಂದು ಅವರು 1956ರಲ್ಲಿ ವಾದಿಸಿದರು. 1959ರಲ್ಲಿ ಜರ್ಮನಿಯ ಸೋಷಿಯಲ್ ಡೆಮಾಕ್ರಟರು ಗೋಡೆಸ್‌ಬರ್ಗ್‌ನಲ್ಲಿ ಮಾರುಕಟ್ಟೆಯನ್ನು ಒಪ್ಪಿಕೊಂಡರು. ಲೇಬರ್ ಪಕ್ಷ ಆ ಕಲಮನ್ನು ಬದಲಿಸಲು 1995ರವರೆಗೆ ಕಾಯಿತು.

ಸ್ವೀಡನ್ನಿನ ಕತೆ ಇನ್ನೂ ಕುತೂಹಲದ್ದು. ಅಲ್ಲಿ ತೆರಿಗೆ ಭಾರಿ, ಆಸ್ಪತ್ರೆ-ಶಾಲೆ-ಪಿಂಚಣಿ ಎಲ್ಲರಿಗೂ ಇತ್ತು. ಕಾರ್ಖಾನೆಗಳು ಮಾತ್ರ ಹೆಚ್ಚಾಗಿ ಖಾಸಗಿಯವೇ. ಅರ್ಥಶಾಸ್ತ್ರಜ್ಞ ರುಡಾಲ್ಫ್ ಮೈಡ್ನರ್ 1970ರ ದಶಕದಲ್ಲಿ ಆ ಗೆರೆ ದಾಟಲು ಹೊರಟರು: ದೊಡ್ಡ ಕಂಪನಿಗಳ ಲಾಭದ ಒಂದು ಪಾಲು ಹೊಸ ಷೇರುಗಳ ರೂಪದಲ್ಲಿ ಕಾರ್ಮಿಕರ ನಿಧಿಗೆ ಹೋಗಲಿ, ಕಾಲಕ್ರಮದಲ್ಲಿ ಒಡೆತನವೂ ಅವರ ಕಡೆ ವಾಲಲಿ ಎಂಬುದು ಯೋಜನೆ. 1983ರಲ್ಲಿ ತೆಳುವಾದ ರೂಪದಲ್ಲಿ ಅದು ಕಾನೂನಾಯಿತು. 1991ರಲ್ಲಿ ಬಂದ ಬಲಪಂಥೀಯ ಸರಕಾರ ಅದನ್ನು ಕಿತ್ತುಹಾಕಿತು. ಉದಾರ ಹಂಚಿಕೆಯನ್ನು ಸಹಿಸಿದ ಉದ್ಯಮಿಗಳು ಒಡೆತನದ ಮಾತು ಬಂದಾಗ ಬೀದಿಗಿಳಿದಿದ್ದರು ಎಂಬುದನ್ನು ಮರೆಯಬಾರದು.

ಭಾರತದಲ್ಲಿ ಕೆ.ಟಿ. ಶಾ ಅವರು 1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ 'ಸಮಾಜವಾದಿ' ಎಂಬುದನ್ನು ಸೇರಿಸಿ ಎಂದರು. ಸಮಾಜ ಯಾವ ಬಗೆಯದಾಗಿರಬೇಕೆಂದು ಆಯಾ ಕಾಲದ ಜನ ನಿರ್ಧರಿಸಲಿ, ಸಂವಿಧಾನ ಅವರ ಕೈ ಕಟ್ಟುವುದು ಬೇಡ ಎಂದು ಅಂಬೇಡ್ಕರ್ ನಿರಾಕರಿಸಿದರು. ತುರ್ತು ಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿಯಿಂದ, ಅದು ಪ್ರಸ್ತಾವನೆಗೆ ಬಂದೇ ಬಂತು. ಎಲ್ಲ ಬಗೆಯ ಶೋಷಣೆಯಿಂದ ಮುಕ್ತವಾದದ್ದು ಎಂದು ಅದಕ್ಕೊಂದು ವ್ಯಾಖ್ಯೆ ಕೊಡಲು ಜನತಾ ಸರಕಾರ 1978ರಲ್ಲಿ ಯತ್ನಿಸಿತು, ರಾಜ್ಯಸಭೆ ಒಪ್ಪಲಿಲ್ಲ. ಹಾಗಾಗಿ ಅರ್ಥ ಹೇಳುವ ಕೆಲಸ ನ್ಯಾಯಾಲಯದ ಪಾಲಿಗೆ ಬಂತು.

ಇದರ ಮುಖ್ಯ ಮೊಕದ್ದಮೆ ನಮ್ಮ ರಾಜ್ಯದ್ದೇ. ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನು ಸರಕಾರ 1976ರಲ್ಲಿ ವಶಕ್ಕೆ ತೆಗೆದುಕೊಂಡಿತು. ರಂಗನಾಥ ರೆಡ್ಡಿ ಪ್ರಕರಣದಲ್ಲಿ (1977) ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಪ್ರತ್ಯೇಕ ತೀರ್ಪು ಬರೆದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಸರ್ವರ ಹಿತಕ್ಕೆ ಹಂಚಬೇಕೆಂದು ಸಂವಿಧಾನದ 39(ಬಿ) ವಿಧಿ ಹೇಳುವ 'ಸಮುದಾಯದ ಭೌತಿಕ ಸಂಪನ್ಮೂಲ'ದಲ್ಲಿ ಖಾಸಗಿ ಸ್ವತ್ತೂ ಸೇರುತ್ತದೆ ಎಂದರು; ಬಹುಮತದ ನಾಲ್ವರು ಆ ಮಾತಿಗೆ ಜೊತೆಯಾಗಲಿಲ್ಲ. ಆದರೂ ಮುಂದಿನ ಪೀಠಗಳು ಅದನ್ನೇ ಹಿಡಿದು ನಡೆದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 5ರಂದು ಬಹುಮತದಿಂದ ಅದನ್ನು ತಿದ್ದಿತು: ಎಲ್ಲ ಖಾಸಗಿ ಸ್ವತ್ತೂ ಸಮುದಾಯದ್ದಲ್ಲ. ಅದೇ ತಿಂಗಳು ಇನ್ನೊಂದು ಪೀಠ ಪ್ರಸ್ತಾವನೆಯ ಪದವನ್ನು ಉಳಿಸಿಕೊಂಡಿತು. ಕಲ್ಯಾಣ ರಾಜ್ಯ, ಅವಕಾಶದ ಸಮಾನತೆ ಎಂಬುದೇ ಅದರ ಅರ್ಥ, ಖಾಸಗಿ ಉದ್ಯಮಕ್ಕೆ ಅದು ಅಡ್ಡಿಯಲ್ಲ ಎಂದಿತು. ಕ್ರಾಸ್‌ಲೆಂಡ್ ಕೇಳಿದ್ದರೆ ತಲೆಯಾಡಿಸುತ್ತಿದ್ದರೇನೋ.

ನನಗೆ ಈ ತೀರ್ಮಾನ ಅರ್ಧ ಮಾತ್ರ ಒಪ್ಪಿಗೆ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರು ಕೇಳಿದ್ದು ಉಳುವ ನೆಲದ ಮೇಲಿನ ಹಕ್ಕನ್ನು. ದೇವರಾಜ ಅರಸರ ಭೂಸುಧಾರಣೆ 1974ರಲ್ಲಿ ಗೇಣಿ ಪದ್ಧತಿಯನ್ನು ತೊಡೆದು ಉಳುವವನನ್ನೇ ಮಾಲೀಕನನ್ನಾಗಿ ಮಾಡಿತು. ಹಳೆಯ ಅಳತೆಗೋಲಿನಲ್ಲಿ ಇದು ಸಮಾಜವಾದವೇ ಅಲ್ಲ, ಹೊಸ ಖಾಸಗಿ ಒಡೆಯರನ್ನು ಸೃಷ್ಟಿಸಿದ ಕ್ರಮ. ಆದರೆ ಹಳ್ಳಿಯ ಅಧಿಕಾರವನ್ನು ಅಷ್ಟು ಆಳವಾಗಿ ಕಲಕಿದ ಕಾನೂನು ಕರ್ನಾಟಕದಲ್ಲಿ ಮತ್ತೊಂದು ಸಿಗುವುದು ಕಷ್ಟ. ಅಂದರೆ ಒಡೆತನವೂ ಹಂಚಿಕೆಯ ವಸ್ತುವೇ. ಇತ್ತ 2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಶುದ್ಧ ಹಂಚಿಕೆಯಂತೆ ಕಾಣುತ್ತದೆ. ಆದರೆ ಮಹಿಳೆಯರ ಉಚಿತ ಪ್ರಯಾಣ ಸರಕಾರಿ ಬಸ್ಸುಗಳಿಗಷ್ಟೇ ಅನ್ವಯ. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ದಾರಿಗಳಲ್ಲಿ ಹೆಂಗಸರು ಈಗಲೂ ಟಿಕೆಟ್ ಕೊಳ್ಳುತ್ತಾರೆ.