ಹುಲಿಯೆದುರಿಗೆ ಎರಡನೆಯ ಈಡು



ಊರಿನಿಂದ ಬಂದ ಅತಿಥಿಗಳನ್ನು ನೀವು ತಪ್ಪದೆ ಕರೆದೊಯ್ಯುವ ಸ್ಥಳಗಳಲ್ಲಿ ಸ್ಯಾನ್ ಹೋಸೆಯ ವಿಂಚೆಸ್ಟರ್ ಮನೆಯೂ ಒಂದೆಂದು ಕೇಳಿದ್ದೆ. ನಿನ್ನೆ ಆ ಯೋಗ ನನಗೂ ಒದಗಿತು. ಮಾರ್ಗದರ್ಶಿಯು ದೆವ್ವದ ಕಥೆಗಳನ್ನು ಹೇಳುತ್ತ ಮುಂದೆ ನಡೆಯುತ್ತಿದ್ದಾಗ ನನ್ನ ಮನಸ್ಸು ಮಾತ್ರ ಕಡೂರಿನ ಬಳಿಯ ಎಮ್ಮೆದೊಡ್ಡಿಯ ಕಾಡಿನಲ್ಲಿ ಅಲೆಯುತ್ತಿತ್ತು. ಪತಿಯನ್ನು 1881ರಲ್ಲಿ ಕಳೆದುಕೊಂಡ ಸಾರಾ ವಿಂಚೆಸ್ಟರ್ 1886ರಲ್ಲಿ ಈ ಕಣಿವೆಗೆ ಬಂದು ಆ ಮನೆಯನ್ನು ಬೆಳೆಸಿದ್ದು ಕೋವಿ ಕಂಪನಿಯ ಪಾಲಿನಿಂದ ಬಂದ ಹಣದಲ್ಲಿ. ಅದೇ ಕಂಪನಿಯ ಒಂದು ಕೋವಿ ನಮ್ಮ ಹಳೆಯ ಮೈಸೂರು ಸೀಮೆಯ ನರಭಕ್ಷಕಗಳ ಬೆನ್ನುಹತ್ತಿ ತಿರುಗಿತು. ಅದನ್ನು ಹೊತ್ತವರು ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974). ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದ ಯಾವ ಕನ್ನಡಿಗನಿಗೂ ಅವರ ಪರಿಚಯ ಹೇಳಬೇಕಾಗಿಲ್ಲ.

ಆಂಡರ್ಸನ್ನರ ಕೋವಿ .405 ಅಳತೆಯ ವಿಂಚೆಸ್ಟರ್, 1895ರ ಮಾದರಿ. ಅದರ ವಿನ್ಯಾಸ ಜಾನ್ ಬ್ರೌನಿಂಗ್ ಅವರದು. 1909ರಲ್ಲಿ ಆಫ್ರಿಕಾದ ಬೇಟೆಗೆ ಹೊರಟ ಥಿಯೋಡರ್ ರೂಸ್‌ವೆಲ್ಟರು ಸಿಂಹಗಳಿಗಾಗಿ ಒಯ್ದದ್ದೂ ಇದನ್ನೇ. ಆದರೆ ಇದು ಬೋಲ್ಟಿನ ಕೋವಿಯಲ್ಲ. ಕುದುರೆಯ ಕೆಳಗಿರುವ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಮುಂದಿನ ತೋಟಾ ನಳಿಗೆಗೆ ಏರುತ್ತದೆ. ಬೋಲ್ಟಿನ ಕೋವಿಗಳು ಲೋಕವನ್ನೇ ಗೆದ್ದಿದ್ದ ಕಾಲದಲ್ಲಿ ಇಂಥದೊಂದು ಅಮೆರಿಕನ್ ಕೋವಿ ಅವರ ಸಂಗಾತಿಯಾಗಿತ್ತೆಂಬುದು ನನಗೆ ಬಹುಕಾಲ ಒಗಟಾಗಿತ್ತು. ಅದನ್ನು ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1870ರ ದಶಕದಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಆನೆಗಾಗಿ ನಂಬಿದ್ದು ನಾಲ್ಕರ ಬೋರಿನ ಕೋವಿಯನ್ನು. ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡು ಎರೆಯುವ ಲೆಕ್ಕವದು. ಕೋವಿಯ ತೂಕ ಏಳು ಕಿಲೋ ಮೀರುತ್ತಿತ್ತು. ಹಾರಿಸಿದೊಡನೆ ಕರಿಮದ್ದಿನ ಹೊಗೆ ಮುಸುಕಿ, ಎದುರಿನ ಪ್ರಾಣಿ ಬಿದ್ದಿತೋ ಮೈಮೇಲೆ ಬರುತ್ತಿದೆಯೋ ತಿಳಿಯುತ್ತಿರಲಿಲ್ಲ. ಹೊಗೆಯಿಲ್ಲದ ಮದ್ದು ಬಂದ ಮೇಲೆ ಗುಂಡು ಚಿಕ್ಕದಾಯಿತು, ವೇಗ ಹೆಚ್ಚಿತು. ಆಗಲೂ ಉಳಿದ ಪ್ರಶ್ನೆ ಒಂದೇ: ಮೊದಲ ಈಡು ತಪ್ಪಿದರೆ ಎರಡನೆಯದು ಎಷ್ಟು ಬೇಗ?

ಲಂಡನ್ನಿನ ಜೋಡುನಳಿಗೆಯ ರೈಫಲ್ಲು ಇದಕ್ಕೆ ಕೊಟ್ಟ ಉತ್ತರ ಎಲ್ಲಕ್ಕಿಂತ ಚುರುಕಾದದ್ದು. ಎರಡು ನಳಿಗೆ, ಎರಡು ಕುದುರೆ, ಬೆರಳು ಸರಿಸಿದರೆ ಸಾಕು. ಆದರೆ ಅದು ಕೈಕೆಲಸದ ವಸ್ತು, ಮಹಾರಾಜರ ಮತ್ತು ದೊಡ್ಡ ಅಧಿಕಾರಿಗಳ ಜೇಬಿಗೆ ಹೊಂದುವಂಥದು. ಮೂರನೆಯ ಈಡು ಬೇಕೆಂದರೆ ಕೋವಿಯನ್ನು ಮಡಿಸಿ ಮತ್ತೆ ತುಂಬಬೇಕು.

ಸಾಧಾರಣ ಷಿಕಾರಿಗೆ ದಾರಿ ತೋರಿಸಿದ್ದು ಜರ್ಮನಿಯ ಪೌಲ್ ಮೌಸರ್. ಅವರ 1898ರ ಬೋಲ್ಟಿನಲ್ಲಿ ಉದ್ದನೆಯ ಉಕ್ಕಿನ ಕೊಕ್ಕೆಯೊಂದಿದೆ. ತೋಟಾ ಪೆಟ್ಟಿಗೆಯಿಂದ ಮೇಲೇಳುವಾಗಲೇ ಅದು ಅಂಚನ್ನು ಹಿಡಿದುಕೊಳ್ಳುತ್ತದೆ, ಹಾರಿದ ಖಾಲಿ ಚಿಪ್ಪನ್ನು ಹೊರಗೆಸೆಯುವವರೆಗೂ ಬಿಡುವುದಿಲ್ಲ. ಕೋವಿ ಓರೆಯಾಗಿರಲಿ, ತಲೆಕೆಳಗಾಗಿರಲಿ, ಗಾಬರಿಯಲ್ಲಿ ಕೈ ಅರ್ಧಕ್ಕೇ ನಿಂತಿರಲಿ, ಒಂದರ ಹಿಂದೆ ಇನ್ನೊಂದು ತೋಟಾ ನುಗ್ಗಿ ಸಿಕ್ಕಿಕೊಳ್ಳುವ ಭಯ ಕಡಿಮೆ. ನಮ್ಮ ಬೇಸಿಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಿಸಿಲಿಗೆ ಕಾದ ಕಾರ್ಡೈಟ್ ಮದ್ದು ಹೆಚ್ಚು ಒತ್ತಡ ಹುಟ್ಟಿಸಿ ಚಿಪ್ಪನ್ನು ನಳಿಗೆಯಲ್ಲಿ ಅಂಟಿಸಿಬಿಡುತ್ತಿತ್ತು. ಅದನ್ನು ಕಿತ್ತು ತೆಗೆಯುವ ಬಲ ಬೋಲ್ಟಿಗೆ ಹೆಚ್ಚು, ಸನ್ನೆಗೆ ಕಡಿಮೆ. 1911ರ .416 ರಿಗ್ಬಿ ತೋಟಾದ ಚಿಪ್ಪನ್ನು ಅಷ್ಟು ದೊಡ್ಡದಾಗಿ ಮಾಡಿದ್ದು ಒತ್ತಡವನ್ನು ತಗ್ಗಿಸುವುದಕ್ಕಾಗಿ. ಮರುವರ್ಷ ಬಂದ .375ರ ಚಿಪ್ಪು ತುದಿಯತ್ತ ಸಪೂರವಾಗಿದ್ದುದರಿಂದ ಸಲೀಸಾಗಿ ಜಾರಿ ಹೊರಬರುತ್ತಿತ್ತು.

ಆಯ್ಕೆಯಲ್ಲಿ ಕಾನೂನಿನ ಕೈಯೂ ಇತ್ತು. ಸೈನ್ಯದ ಗುಂಡು ಬಂಡುಕೋರರಿಗೆ ಸಿಕ್ಕೀತೆಂಬ ಅಂಜಿಕೆಯಿಂದ ಬ್ರಿಟಿಷ್ ಸರ್ಕಾರ .303, .450 ಅಳತೆಗಳನ್ನು ಜನಸಾಮಾನ್ಯರಿಗೆ ನಿಷೇಧಿಸಿತು. ಹೀಗಾಗಿ ಭಾರತದ ಬೇಟೆಗಾರನಿಗೆ .315ರಂಥ ಅಳತೆಗಳು ರೂಢಿಯಾದವು; ಸ್ವಾತಂತ್ರ್ಯಾನಂತರ ಇಷಾಪುರದ ಸರ್ಕಾರಿ ಕಾರ್ಖಾನೆ ತಯಾರಿಸಿದ .315 ಬೋಲ್ಟಿನ ರೈಫಲ್ಲು ನಮ್ಮ ಅನೇಕ ತೋಟದ ಮನೆಗಳ ಗೋಡೆಯ ಮೇಲಿತ್ತು. (ಪರವಾನಗಿಯ ಮಾತು ಬಂದಾಗ ಸಭೆಯಲ್ಲಿರುವ ಕೊಡಗಿನವರು ನಗುವುದು ಸಹಜ. ಅವರಿಗೆ 1861ರಿಂದಲೂ ವಿನಾಯಿತಿಯಿದೆ.) .405 ಸೈನ್ಯದ ಅಳತೆಯಾಗಿರಲಿಲ್ಲ. ಜೋಡುನಳಿಗೆಯಷ್ಟು ದುಬಾರಿಯೂ ಅಲ್ಲ. ಸುಮಾರು 19 ಗ್ರಾಂ ತೂಕದ ಗುಂಡು ಹುಲಿಗೆ ಧಾರಾಳವಾಗಿ ಸಾಕು. ಒಗಟು ಬಿಡುವುದು ಇಲ್ಲಿಯೇ ಎಂದು ನನ್ನ ಊಹೆ.

ಹಾಗಾದರೆ ಬೋಲ್ಟೇ ಮೇಲೋ? ನನ್ನನ್ನು ಕೇಳಿದರೆ ಕಾಡುಕೋಣ, ಆನೆಗಳ ಎದುರು .375 ಮೌಸರನ್ನೇ ಹಿಡಿಯುತ್ತಿದ್ದೆ. ಹುಲಿ, ಚಿರತೆಗಳ ವಿಷಯ ಬೇರೆ. ಅಲ್ಲಿ ಕೋವಿಗಿಂತ ಕೈಯ ಪಳಗುವಿಕೆ ದೊಡ್ಡದು. 1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಬಹುಮಾನವಾಗಿ ಬಂದದ್ದು .275 ರಿಗ್ಬಿ ಬೋಲ್ಟಿನ ಹಗುರ ಕೋವಿ. ಗುಂಡಿನ ತೂಕ ಸುಮಾರು 9 ಗ್ರಾಂ. ಪುಸ್ತಕದ ಪ್ರಕಾರ ಇದು ಹುಲಿಗೆ ಸಾಲದು. ಆದರೆ 1930ರಲ್ಲಿ ಚೌಗಢದ ನರಭಕ್ಷಕಿ ಕೆಲವೇ ಅಡಿಗಳ ದೂರದಲ್ಲಿ ಹಿಂದೆ ಕಾದಿತ್ತೆಂದು ಅರಿವಾದಾಗ ಅವರ ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು. ಒಂದೇ ಕೈಯಲ್ಲಿ ಮೆಲ್ಲಗೆ ತಿರುಗಿಸಿ ಹಾರಿಸಲಾದದ್ದು ಕೋವಿ ಹಗುರವಾಗಿದ್ದರಿಂದ. ಭಾರದ ಜೋಡುನಳಿಗೆಯಾಗಿದ್ದರೆ ಆ ಕಥೆಯನ್ನು ನಮಗೆ ಹೇಳುವವರೇ ಇರುತ್ತಿರಲಿಲ್ಲವೇನೋ. ಎರಡನೆಯ ಈಡಿಗೆ ಅಲ್ಲಿ ಅವಕಾಶವೇ ಇರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಬೇಟೆ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಮರುವರ್ಷವೇ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಆದರೆ ಅಪಾಯಕಾರಿ ಪ್ರಾಣಿಯೆದುರು ಕೋವಿ ಹಿಡಿದು ನಿಲ್ಲುವ ಮನುಷ್ಯ ನಮ್ಮ ನಾಡಿನಿಂದ ಮರೆಯಾಗಲಿಲ್ಲ. ಅವನ ಕೈಯಲ್ಲೀಗ ಅರಿವಳಿಕೆಯ ಚುಚ್ಚುಮದ್ದನ್ನು ಹಾರಿಸುವ ಕೋವಿಯಿದೆ. ಅದರ ವ್ಯಾಪ್ತಿ ಕಡಿಮೆಯಾದ್ದರಿಂದ ಹತ್ತಿರಕ್ಕೇ ಹೋಗಬೇಕು. ಮದ್ದು ಮೈಗೇರಲು ನಿಮಿಷಗಳು ಬೇಕು. ಮೈಮೇಲೆ ನುಗ್ಗಿ ಬರುವ ಆನೆಯನ್ನು ತಡೆದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ, ಎರಡನೆಯ ಈಡೆಂಬ ಮಾತೂ ಇಲ್ಲ. 2023ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ‘ಭೀಮ’ನೆಂಬ ಕಾಡಾನೆಗೆ ಚಿಕಿತ್ಸೆ ಕೊಡಿಸಲೆಂದು ಅರಿವಳಿಕೆ ಹಾರಿಸಲು ಹೋದ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಸಿಕ್ಕು ತೀರಿಕೊಂಡರು. ಅವರು ಅಲ್ಲಿಗೆ ಹೋದದ್ದು ಆನೆಯನ್ನು ಉಳಿಸುವುದಕ್ಕೆ.