ಮಹಾಪಧಮನಿಯ ಇಕ್ಕಟ್ಟು: ಒಂದು ಹುಟ್ಟುದೋಷದ ಚರಿತ್ರೆ

ಹೃದಯದ ಎಡಭಾಗದಿಂದ ಹೊರಡುವ ಮಹಾಪಧಮನಿ ಮೊದಲು ಮೇಲಕ್ಕೇರುತ್ತದೆ, ಎದೆಯೊಳಗೆ ಊರುಗೋಲಿನ ಹಿಡಿಯ ಹಾಗೆ ಬಾಗುತ್ತದೆ, ಆಮೇಲೆ ಬೆನ್ನೆಲುಬಿನ ಮಗ್ಗುಲಲ್ಲಿ ಇಳಿದು ಹೊಟ್ಟೆ ಸೇರುತ್ತದೆ. ಬಾಗಿದ ಜಾಗದಿಂದ ತಲೆಗೂ ತೋಳುಗಳಿಗೂ ರಕ್ತ ಒಯ್ಯುವ ಮೂರು ಕವಲುಗಳು ಒಡೆಯುತ್ತವೆ. ಎಡತೋಳಿನ ಕವಲು ಒಡೆದ ತುಸು ಕೆಳಗೆ, ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಈ ನಾಳ ಸುತ್ತ ದಾರ ಬಿಗಿದಂತೆ ಕಿರಿದಾಗಿರುತ್ತದೆ. ವೈದ್ಯರು ಇದನ್ನು ಕೋಆರ್ಕ್ಟೇಶನ್ ಎನ್ನುತ್ತಾರೆ; ಒತ್ತಿ ಬಿಗಿಯುವುದು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಮಾತು. ಹುಟ್ಟುವ 10,000 ಮಕ್ಕಳಲ್ಲಿ ಸುಮಾರು 4 ಮಕ್ಕಳಿಗೆ ಈ ದೋಷವಿರುತ್ತದೆ. ತಲೆಗಾಲುವೆಗೆ ಅಡ್ಡಲಾಗಿ ಮಣ್ಣು ಕುಸಿದರೆ ಮೇಲಿನ ಗದ್ದೆಯಲ್ಲಿ ನೀರು ಬದು ಮೀರುತ್ತದೆ, ಕೆಳಗಿನ ಗದ್ದೆ ಒಣಗುತ್ತದೆ. ಇಲ್ಲಿ ಆಗುವುದೂ ಅಷ್ಟೇ: ತಲೆ ಮತ್ತು ತೋಳುಗಳಲ್ಲಿ ರಕ್ತದೊತ್ತಡ ಏರುತ್ತದೆ, ಹೊಟ್ಟೆ ಮತ್ತು ಕಾಲುಗಳಿಗೆ ರಕ್ತ ಸೊರಗುತ್ತದೆ, ಇಕ್ಕಟ್ಟಿನ ವಿರುದ್ಧ ದುಡಿಯುವ ಹೃದಯದ ಗೋಡೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ.

ಈ ದೋಷದ ಮೊದಲ ವಿವರಣೆಯನ್ನು ಸಾಮಾನ್ಯವಾಗಿ ಇಟಲಿಯ ಪಡುವಾ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರಜ್ಞ ಜೊವಾನಿ ಬಟ್ಟಿಸ್ಟಾ ಮೊರ್ಗಾನಿಯ ಹೆಸರಿಗೆ ಬರೆಯುತ್ತಾರೆ. 1760ರಲ್ಲಿ ಕ್ರೈಸ್ತ ಸಂನ್ಯಾಸಿಯೊಬ್ಬನ ಶವಪರೀಕ್ಷೆಯಲ್ಲಿ ಅವನು ಕಿರಿದಾದ ಮಹಾಪಧಮನಿಯನ್ನು ಕಂಡ. ಆದರೆ ಶರೀರ ಈ ಅಡ್ಡಿಯನ್ನು ಹೇಗೆ ನಿಭಾಯಿಸುತ್ತದೆ ಎಂಬುದನ್ನು ತೋರಿಸಿಕೊಟ್ಟ ಕೀರ್ತಿ ಇನ್ನೊಬ್ಬನದು. ಪ್ಯಾರಿಸ್ ನಗರದ ಓತೆಲ್ ದ್ಯೂ ಆಸ್ಪತ್ರೆಯಲ್ಲಿ ಪಾಠಕ್ಕೆಂದು ಶವಗಳನ್ನು ಸಿದ್ಧಪಡಿಸುತ್ತಿದ್ದ, ಹೆಸರಿನಿಂದಲೂ ಪ್ಯಾರಿಸ್ ಆಗಿದ್ದ ಒಬ್ಬ ಸಹಾಯಕ, ಸುಮಾರು ಐವತ್ತರ ಬಡಕಲು ಹೆಂಗಸೊಬ್ಬಳ ಶವದ ರಕ್ತನಾಳಗಳಿಗೆ ದ್ರವ ತುಂಬಿದಾಗ ಎದೆಗೂಡಿನ ನಾಳಗಳು ಎಂದಿಗಿಂತ ದಪ್ಪವಾಗಿ, ಹಾವಿನಂತೆ ಸುತ್ತಿಕೊಂಡಿರುವುದನ್ನು ಕಂಡ. ಕಾರಣ ಹುಡುಕುತ್ತ ಹೋದಾಗ ಮಹಾಪಧಮನಿಯ ಇಕ್ಕಟ್ಟು ಸಿಕ್ಕಿತು. 1791ರಲ್ಲಿ ಅಚ್ಚಾದ ಅವನ ವರದಿಯಲ್ಲಿ ಇಕ್ಕಟ್ಟಿನಷ್ಟೇ ಮುಖ್ಯವಾಗಿದ್ದದ್ದು ಅದನ್ನು ದಾಟಿಹೋಗಲು ಶರೀರ ತಾನೇ ಬೆಳೆಸಿಕೊಂಡಿದ್ದ ಬಳಸುದಾರಿಗಳು. ತೋಳಿನ ಕವಲುಗಳಿಂದ ರಕ್ತ ಎದೆಯ ಗೋಡೆಗೆ ಇಳಿದು, ಪಕ್ಕೆಲುಬುಗಳ ನಡುವಿನ ನಾಳಗಳಲ್ಲಿ ಹಿಮ್ಮುಖವಾಗಿ ಹರಿದು, ಇಕ್ಕಟ್ಟಿನ ಕೆಳಗೆ ಮತ್ತೆ ಮಹಾಪಧಮನಿಯನ್ನು ಸೇರುತ್ತಿತ್ತು. ಐವತ್ತು ವರ್ಷ ಆ ಹೆಂಗಸು ಬದುಕಿದ್ದು ಈ ದಾರಿಗಳಿಂದಲೇ. ಮುಂದಿನ ಒಂದೂವರೆ ಶತಮಾನದಲ್ಲಿ ಈ ದೋಷದ ಬಗ್ಗೆ ತಿಳಿದುಬಂದ ಅನೇಕ ಸಂಗತಿಗಳ ಬೇರು ಈ ಬಳಸುದಾರಿಗಳಲ್ಲಿದೆ.

ಇಕ್ಕಟ್ಟು ಯಾವಾಗಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಕೆ? ಗರ್ಭದಲ್ಲಿರುವ ಮಗು ಉಸಿರಾಡುವುದಿಲ್ಲ; ಹಾಗಾಗಿ ಶ್ವಾಸಕೋಶದ ಕಡೆಗೆ ಹೊರಟ ರಕ್ತದ ಹೆಚ್ಚಿನ ಪಾಲು ಡಕ್ಟಸ್ ಎಂಬ ಗಿಡ್ಡ ನಾಳದ ಮೂಲಕ ನೇರವಾಗಿ ಮಹಾಪಧಮನಿಗೆ ದಾಟುತ್ತದೆ. ಹುಟ್ಟಿದ ಮೇಲೆ ಕೆಲವು ದಿನಗಳಲ್ಲಿ ಡಕ್ಟಸ್ ಸಂಕೋಚಗೊಂಡು ಮುಚ್ಚಿಕೊಳ್ಳುತ್ತದೆ. ಅದು ಮಹಾಪಧಮನಿಯನ್ನು ಕೂಡುವ ಜಾಗದ ಎದುರಿಗೇ ಇಕ್ಕಟ್ಟು ಇರುವುದನ್ನು 19ನೆಯ ಶತಮಾನದ ವೈದ್ಯರು ಗಮನಿಸಿ, ಡಕ್ಟಸ್‌ನ ಅಂಗಾಂಶವೇ ಮಹಾಪಧಮನಿಯ ಗೋಡೆಗೆ ಹಬ್ಬಿ, ತಾನು ಮುಚ್ಚಿಕೊಳ್ಳುವಾಗ ಅದನ್ನೂ ಸೆಳೆದು ಬಿಗಿಯುತ್ತದೆ ಎಂದು ಊಹಿಸಿದರು. 20ನೆಯ ಶತಮಾನದ ಸೂಕ್ಷ್ಮದರ್ಶಕ ಪರೀಕ್ಷೆಗಳಲ್ಲಿ ಡಕ್ಟಸ್‌ನ ಅಂಗಾಂಶ ಮಹಾಪಧಮನಿಯ ಸುತ್ತ ಪಟ್ಟಿಯಂತೆ ಆವರಿಸಿರುವುದು ಕಂಡುಬಂದು ಈ ಊಹೆಗೆ ಬಲ ಬಂತು. ಇನ್ನೊಂದು ವಾದವೂ ಬೆಳೆಯಿತು. ಗರ್ಭದಲ್ಲಿ ಮಹಾಪಧಮನಿಯ ಬಾಗಿನಲ್ಲಿ ಹರಿಯುವ ರಕ್ತವೇ ಕಡಿಮೆಯಾದರೆ, ನೀರು ಕಾಣದ ಕಾಲುವೆಯಂತೆ ಆ ಭಾಗ ಕಿರಿದಾಗಿಯೇ ಉಳಿಯುತ್ತದೆ ಎಂಬುದು ಅದರ ತಿರುಳು. ಈ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮಹಾಪಧಮನಿಯ ಕವಾಟ ಮೂರು ಎಸಳಿನ ಬದಲು ಎರಡೇ ಎಸಳಿನದ್ದಾಗಿರುವುದು, ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದ ಟರ್ನರ್ ಸಿಂಡ್ರೋಮ್‌ನ ಹುಡುಗಿಯರಲ್ಲಿ ಈ ದೋಷ ಹೆಚ್ಚಾಗಿರುವುದು, ಎರಡೂ ಸೇರಿ ದೋಷ ಬರೀ ಒಂದು ಬಿಂದುವಿನದಲ್ಲ ಎನ್ನುತ್ತವೆ.

1903ರಲ್ಲಿ ಫ್ರಾನ್ಸಿನ ಬೊನೆ ಇದನ್ನು ಶಿಶುಗಳ ಬಗೆ, ವಯಸ್ಕರ ಬಗೆ ಎಂದು ಎರಡಾಗಿ ವಿಂಗಡಿಸಿದ. ಮೊದಲನೆಯದರಲ್ಲಿ ಇಕ್ಕಟ್ಟು ಡಕ್ಟಸ್‌ಗಿಂತ ಮೇಲೆ ಉದ್ದಕ್ಕೆ ಹರಡಿರುತ್ತದೆ. ಎರಡನೆಯದರಲ್ಲಿ ಡಕ್ಟಸ್ ಮುಚ್ಚಿದ ಜಾಗದ ಹತ್ತಿರ ಗಿಡ್ಡದಾಗಿ, ಬಿಗಿಯಾಗಿರುತ್ತದೆ. ಈ ವಿಂಗಡಣೆ ಬಹುಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಅದರ ಹೆಸರುಗಳು ಮಾತ್ರ ದಾರಿ ತಪ್ಪಿಸುವಂಥವು: ವಯಸ್ಕರಲ್ಲಿ ಕಾಣುವ ಇಕ್ಕಟ್ಟು ವಯಸ್ಸಾದ ಮೇಲೆ ಬಂದದ್ದಲ್ಲ, ಬಳಸುದಾರಿಗಳು ಸಾಕಷ್ಟು ಬೆಳೆದದ್ದರಿಂದ ಅಷ್ಟು ದಿನ ಬಯಲಾಗದೆ ಉಳಿದದ್ದು.

ಬದುಕಿರುವ ರೋಗಿಯಲ್ಲಿ ಇದನ್ನು ಗುರುತಿಸಲು ಬೇಕಾದದ್ದು ಎರಡು ಬೆರಳು. ಮಣಿಕಟ್ಟಿನಲ್ಲಿ ನಾಡಿ ಪುಟಿಯುತ್ತಿರುತ್ತದೆ, ತೊಡೆಸಂದಿನಲ್ಲಿ ಕ್ಷೀಣವಾಗಿರುತ್ತದೆ ಅಥವಾ ಸಿಗುವುದೇ ಇಲ್ಲ. ಸಿಕ್ಕರೂ ತಡವಾಗಿ ಮಿಡಿಯುತ್ತದೆ, ಬಳಸುದಾರಿಯಲ್ಲಿ ಬಂದ ರಕ್ತ ನಿಧಾನವಾಗಿ ಅಲ್ಲಿ ತಲುಪುವುದರಿಂದ. ಇಟಲಿಯ ರಿವಾ ರೊಚಿ 1896ರಲ್ಲಿ ತೋಳಿಗೆ ಕಟ್ಟುವ ಪಟ್ಟಿಯನ್ನು ರೂಪಿಸಿ, ರಷ್ಯಾದ ಕೊರೊಟ್ಕೊಫ್ 1905ರಲ್ಲಿ ಸ್ಟೆತಾಸ್ಕೋಪಿನಿಂದ ಒತ್ತಡ ಅಳೆಯುವ ಕ್ರಮ ತಿಳಿಸಿದ ಮೇಲೆ ತೋಳಿಗೂ ಕಾಲಿಗೂ ಇರುವ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳುವುದು ಸಾಧ್ಯವಾಯಿತು. ಆರೋಗ್ಯವಂತನ ಕಾಲಿನ ಒತ್ತಡ ತೋಳಿನದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಇಲ್ಲಿ ಅದು ತಿರುವುಮುರುವು.

1928ರಲ್ಲಿ ರೋಸ್ಲರ್, 1929ರಲ್ಲಿ ಅಮೆರಿಕದ ರೇಲ್ಸ್‌ಬ್ಯಾಕ್ ಮತ್ತು ಡಾಕ್, ಎಕ್ಸ್‌ರೇಯಲ್ಲಿ ಕಾಣುವ ಇನ್ನೊಂದು ಗುರುತನ್ನು ವಿವರಿಸಿದರು. ಉಬ್ಬಿ ಸುತ್ತಿಕೊಂಡ ಬಳಸುದಾರಿಗಳು ವರ್ಷಗಟ್ಟಲೆ ಮಿಡಿಯುತ್ತ ಪಕ್ಕೆಲುಬುಗಳ ಕೆಳಂಚನ್ನು ಸವೆಸಿ, ಬಾವಿಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಬಿದ್ದ ಕಚ್ಚುಗಳಂಥ ತಗ್ಗುಗಳನ್ನು ಮಾಡಿರುತ್ತವೆ. 1791ರ ವರದಿಗೆ ಕಾರಣವಾದ ಶವದಲ್ಲಿ ಕಂಡ ನಾಳಗಳ ನೆರಳು ಈಗ ಬದುಕಿರುವವರ ಎಲುಬಿನ ಮೇಲೆ ಓದಲು ಸಿಕ್ಕಿತು.

ಅದೇ 1928ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೌಡ್ ಅಬಟ್ ಎರಡು ವರ್ಷ ದಾಟಿದವರ 200 ಶವಪರೀಕ್ಷೆಯ ವರದಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಹೆಣ್ಣೆಂಬ ಕಾರಣಕ್ಕೆ ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಪ್ರವೇಶ ಸಿಗದೆ ಬೇರೆಡೆ ಓದಿದ್ದ ಅಬಟ್, ಮುಂದೆ ಅದೇ ವಿಶ್ವವಿದ್ಯಾಲಯದ ವೈದ್ಯಕೀಯ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತ, ಹುಟ್ಟಿನಿಂದ ಬರುವ ಹೃದಯದೋಷಗಳ ಬಗ್ಗೆ ಆ ಕಾಲದ ಅತ್ಯಂತ ದೊಡ್ಡ ತಜ್ಞೆಯಾದರು. ಅವರ ಸಂಗ್ರಹ ಸಾವಿನ ನಾಲ್ಕು ದಾರಿಗಳನ್ನು ತೋರಿಸಿತು: ಮಹಾಪಧಮನಿ ಒಡೆಯುವುದು, ಇಕ್ಕಟ್ಟಿನ ಸುತ್ತ ಅಥವಾ ಕವಾಟಕ್ಕೆ ಸೋಂಕು ತಗಲುವುದು, ಹೃದಯ ಸೋಲುವುದು, ಮಿದುಳಿನಲ್ಲಿ ರಕ್ತಸ್ರಾವ. ಶಸ್ತ್ರಚಿಕಿತ್ಸೆಯಿಲ್ಲದೆ ಈ ದೋಷದ ಗತಿ ಏನೆಂಬುದನ್ನು 1970ರಲ್ಲಿ ಬ್ರಿಟನ್ನಿನ ಮಾರಿಸ್ ಕ್ಯಾಂಬೆಲ್ ಲೆಕ್ಕ ಹಾಕಿದ್ದಾನೆ. ಎಳೆತನದ ಮೊದಲ ವರ್ಷಗಳನ್ನು ದಾಟಿದವರಲ್ಲೂ ಅರ್ಧದಷ್ಟು ಮಂದಿ 32ರೊಳಗೆ, ಮುಕ್ಕಾಲು ಪಾಲು 46ರೊಳಗೆ ತೀರಿಕೊಳ್ಳುತ್ತಿದ್ದರು. ಹೊರನೋಟಕ್ಕೆ ಗಟ್ಟಿಮುಟ್ಟಾಗಿ, ದುಡಿಯುತ್ತಿದ್ದ, ಸಂಸಾರ ಹೂಡಿದ್ದ ಪ್ರಾಯದವರ ಸಾವುಗಳಿವು.

ದೋಷ ಎಲ್ಲಿದೆ ಎಂದು ತಿಳಿದ ಮೇಲೂ ಅದನ್ನು ಮುಟ್ಟಲು ಶಸ್ತ್ರವೈದ್ಯರಿಗೆ ಧೈರ್ಯವಿರಲಿಲ್ಲ. ಇಕ್ಕಟ್ಟಾದ ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಹೊಲಿಯುವ ಕುಶಲತೆ ಹೊಸದೇನಲ್ಲ. ಅಲೆಕ್ಸಿಸ್ ಕರೆಲ್ 1902ರಲ್ಲೇ ರಕ್ತನಾಳ ಹೊಲಿಯುವ ವಿಧಾನವನ್ನು ಪ್ರಕಟಿಸಿದ್ದ, 1912ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯೂ ಸಂದಿತ್ತು. ಅಳುಕು ಇದ್ದದ್ದು ಬೇರೆ ಕಡೆ. ಹೊಲಿಯುವಷ್ಟು ಹೊತ್ತು ಮಹಾಪಧಮನಿಯನ್ನು ಇಕ್ಕುಳ ಹಾಕಿ ಮುಚ್ಚಬೇಕು. ಆಗ ಬೆನ್ನುಹುರಿಗೆ ರಕ್ತ ತಪ್ಪಿ ಎರಡೂ ಕಾಲುಗಳು ಸ್ವಾಧೀನ ತಪ್ಪಿದರೆ? ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ರಾಬರ್ಟ್ ಗ್ರಾಸ್ 1938ರ ಆಗಸ್ಟ್ 26ರಂದು ಏಳು ವರ್ಷದ ಹುಡುಗಿಯೊಬ್ಬಳ ಮುಚ್ಚದೆ ಉಳಿದಿದ್ದ ಡಕ್ಟಸ್ ಕಟ್ಟಿ ಹೆಸರಾಗಿದ್ದ. ನಂತರ ಚಾರ್ಲ್ಸ್ ಹಫ್‌ನೆಗಲ್ ಜೊತೆ ನಾಯಿಗಳ ಮೇಲೆ ಮಹಾಪಧಮನಿ ಕತ್ತರಿಸಿ ಹೊಲಿಯುವ ಪ್ರಯೋಗ ನಡೆಸಿದ. ಪ್ರಯೋಗದಲ್ಲಿ ಕೆಲವು ಪ್ರಾಣಿಗಳ ಹಿಂಗಾಲು ಸ್ವಾಧೀನ ತಪ್ಪಿದ್ದು ಅಳುಕನ್ನು ಹೆಚ್ಚಿಸಿತು.

ಸ್ಟಾಕ್‌ಹೋಮಿನ ಸಬ್ಬಾಟ್ಸ್‌ಬರಿ ಆಸ್ಪತ್ರೆಯ ಕ್ಲಾರೆನ್ಸ್ ಕ್ರಾಫೂರ್ಡ್‌ಗೆ ಉತ್ತರ ಸಿಕ್ಕಿದ್ದು ಒಂದು ಗಂಡಾಂತರದಿಂದ. ಡಕ್ಟಸ್ ಮುಚ್ಚುವ ಶಸ್ತ್ರಕ್ರಿಯೆಯ ನಡುವೆ ರಕ್ತ ಚಿಮ್ಮಿ, ಅದನ್ನು ತಡೆಯಲು ಮಹಾಪಧಮನಿಯನ್ನೇ ಅರ್ಧ ಗಂಟೆಯ ಹತ್ತಿರ ಮುಚ್ಚಿ ಹಿಡಿಯಬೇಕಾಯಿತು. ರೋಗಿಗೆ ಏನೂ ತೊಂದರೆಯಾಗಲಿಲ್ಲ. ಬಳಸುದಾರಿ ಬೆಳೆದಿರದವನೇ ಇಷ್ಟು ಹೊತ್ತು ತಾಳಿಕೊಂಡರೆ, ಹುಟ್ಟಿನಿಂದಲೇ ಬಳಸುದಾರಿಯಲ್ಲಿ ಬದುಕಿದವನು ಇನ್ನೂ ಚೆನ್ನಾಗಿ ತಾಳಿಕೊಳ್ಳಬೇಕು. 1944ರ ಅಕ್ಟೋಬರ್ 19ರಂದು ಕ್ರಾಫೂರ್ಡ್ 12ರ ಹರೆಯದ ಹುಡುಗನೊಬ್ಬನ ಎದೆ ತೆರೆದು, ಇಕ್ಕಟ್ಟಾದ ತುಂಡನ್ನು ತೆಗೆದು, ತುದಿಗಳನ್ನು ಜೋಡಿಸಿದ. ಹನ್ನೆರಡು ದಿನಗಳ ಬಳಿಕ 27 ವರ್ಷದ ರೈತನೊಬ್ಬನಿಗೂ ಅದೇ ಚಿಕಿತ್ಸೆಯಾಯಿತು. ಇಬ್ಬರೂ ಬದುಕಿದರು. ಹೃದಯತಜ್ಞ ಗುಸ್ತಾಫ್ ನೀಲಿನ್ ಜೊತೆಗೂಡಿ ಬರೆದ ವರದಿ 1945ರಲ್ಲಿ ಪ್ರಕಟವಾಯಿತು. ಯುದ್ಧದ ದಿನಗಳಾದ್ದರಿಂದ ಅಟ್ಲಾಂಟಿಕ್ ಸಾಗರದ ಎರಡು ದಡಗಳ ನಡುವೆ ಸುದ್ದಿ ಸುಲಭವಾಗಿ ದಾಟುತ್ತಿರಲಿಲ್ಲ. 1945ರ ಜೂನ್ 28ರಂದು ಗ್ರಾಸ್ ತನ್ನ ಮೊದಲ ರೋಗಿ, ಐದು ವರ್ಷದ ಹುಡುಗನಿಗೆ ಶಸ್ತ್ರಕ್ರಿಯೆ ಮಾಡಿದ; ಹುಡುಗ ಉಳಿಯಲಿಲ್ಲ. ವಾರ ಕಳೆದು ಜುಲೈ 6ರಂದು 12 ವರ್ಷದ ಹುಡುಗಿಯಲ್ಲಿ ಅದೇ ಕೆಲಸ ಸಫಲವಾಯಿತು. ಮೊದಲ ಹುಡುಗನ ಸಾವಿನಿಂದ ಕಲಿತ, ಇಕ್ಕುಳವನ್ನು ಒಮ್ಮೆಲೇ ತೆಗೆಯದೆ ನಿಧಾನವಾಗಿ ಸಡಿಲಿಸಬೇಕೆಂಬ ಪಾಠ ಅಂದಿನಿಂದ ಉಳಿದಿದೆ. ಮೊದಲಿಗ ಯಾರು ಎಂಬ ಚರ್ಚೆ ಬಹುಕಾಲ ನಡೆಯಿತು. ಮನುಷ್ಯರ ಮೇಲೆ ಮೊದಲು ಮಾಡಿದವನು ಕ್ರಾಫೂರ್ಡ್, ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಬುನಾದಿ ಹಾಕಿದವನು ಗ್ರಾಸ್. ಒಬ್ಬನನ್ನು ಹೊಗಳಲು ಇನ್ನೊಬ್ಬನನ್ನು ಕಿರಿದು ಮಾಡಬೇಕಿಲ್ಲ. ಬಳಸುದಾರಿಗಳ ರಕ್ಷಣೆ ಪೂರ್ಣವಲ್ಲ ಎಂಬುದೂ ಮುಂದೆ ತಿಳಿಯಿತು. 1972ರಲ್ಲಿ ಬ್ರೂವರ್ ಕಲೆಹಾಕಿದ 12,000ಕ್ಕೂ ಮಿಕ್ಕಿದ ಶಸ್ತ್ರಕ್ರಿಯೆಗಳಲ್ಲಿ ಸಾವಿರಕ್ಕೆ ನಾಲ್ಕರಷ್ಟು ರೋಗಿಗಳ ಬೆನ್ನುಹುರಿಗೆ ಹಾನಿಯಾಗಿತ್ತು.

ತೋಳಿನ ಒತ್ತಡ ಏರುವುದು ಬರೀ ಅಡ್ಡಿಯಿಂದಲೇ, ಅಥವಾ ಮೂತ್ರಪಿಂಡದ ಪಾತ್ರವೂ ಉಂಟೆ? ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ನಾಯಿಯ ಮೂತ್ರಪಿಂಡದ ಅಪಧಮನಿಯನ್ನು ಬಿಗಿದು ಒತ್ತಡ ಏರಿಸಿ ತೋರಿಸಿದ್ದ. 1951ರಲ್ಲಿ ಸ್ಕಾಟ್ ಮತ್ತು ಬಾನ್ಸನ್ ಇನ್ನೂ ಮುಂದೆ ಹೋದರು. ಕೃತಕವಾಗಿ ಮಹಾಪಧಮನಿ ಬಿಗಿದ ನಾಯಿಗಳಲ್ಲಿ ಒಂದು ಮೂತ್ರಪಿಂಡವನ್ನು ಇಕ್ಕಟ್ಟಿನ ಮೇಲಿನ ಪ್ರದೇಶವಾದ ಕುತ್ತಿಗೆಗೆ ಸ್ಥಳಾಂತರಿಸಿ, ಇನ್ನೊಂದನ್ನು ತೆಗೆದುಹಾಕಿದಾಗ ಏರಿದ್ದ ಒತ್ತಡ ಇಳಿಯಿತು. ಸೊರಗಿದ ರಕ್ತ ಪಡೆಯುವ ಮೂತ್ರಪಿಂಡ ಇಡೀ ಶರೀರದ ಒತ್ತಡವನ್ನು ಏರಿಸಿ ತನ್ನ ಪಾಲು ಪಡೆಯಲು ಹವಣಿಸುತ್ತದೆ ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಯಿತು.

ನವಜಾತ ಶಿಶುಗಳ ಕಥೆ ಬೇರೆಯೇ. ಇಕ್ಕಟ್ಟು ತೀವ್ರವಾಗಿದ್ದರೆ ಶರೀರದ ಕೆಳಭಾಗಕ್ಕೆ ರಕ್ತ ಹೋಗುವುದು ತೆರೆದಿರುವ ಡಕ್ಟಸ್‌ನಿಂದಲೇ. ಮನೆಗೆ ಹೋದ ಮಗು ಮೊದಲ ಒಂದೆರಡು ವಾರದಲ್ಲಿ, ಡಕ್ಟಸ್ ಮುಚ್ಚುತ್ತಿದ್ದಂತೆ, ಹಾಲು ಬಿಟ್ಟು, ಬೆವರಿ, ಏದುಸಿರು ಬಿಡುತ್ತ ಕುಸಿಯುತ್ತದೆ. ಬಳಸುದಾರಿ ಬೆಳೆಯಲು ಅದಕ್ಕೆ ಕಾಲಾವಕಾಶವೇ ಸಿಕ್ಕಿರುವುದಿಲ್ಲ. 1950ರ ದಶಕದ ಆರಂಭದಲ್ಲಿ ಶಿಶುಗಳಿಗೂ ಶಸ್ತ್ರಕ್ರಿಯೆ ಶುರುವಾಯಿತಾದರೂ, ನೆಲಕಚ್ಚಿದ ಮಗುವನ್ನು ಟೇಬಲ್ಲಿಗೆ ಏರಿಸುವುದೇ ಅಪಾಯವಾಗಿತ್ತು. 1970ರ ದಶಕದ ಮಧ್ಯಭಾಗದಲ್ಲಿ ನ್ಯೂಜಿಲೆಂಡ್ ಮತ್ತು ಕೆನಡಾದ ವೈದ್ಯರು ಪ್ರೊಸ್ಟಗ್ಲಾಂಡಿನ್ ಇ1 ಎಂಬ ಔಷಧವನ್ನು ಹನಿಹನಿಯಾಗಿ ರಕ್ತಕ್ಕೆ ಹರಿಸಿ ಡಕ್ಟಸ್ ತೆರೆದಿಡಬಹುದೆಂದು ತೋರಿಸಿದರು. ಈ ಒಂದು ಔಷಧ ಉಳಿಸಿದಷ್ಟು ಶಿಶುಗಳನ್ನು ಯಾವ ಹೊಲಿಗೆಯ ಹೊಸತನವೂ ಉಳಿಸಿರಲಾರದು: ಮಗು ಚೇತರಿಸಿಕೊಂಡ ಮೇಲೆ ಶಸ್ತ್ರಕ್ರಿಯೆಗೆ ಸಮಯ ಸಿಕ್ಕಿತು.

ಹೊಲಿಗೆಯಲ್ಲೂ ಬದಲಾವಣೆಗಳಾದವು. ಜರ್ಮನಿಯ ಫೊಸ್‌ಶುಲ್ಟೆ ಇಕ್ಕಟ್ಟನ್ನು ಉದ್ದಕ್ಕೆ ಸೀಳಿ ಮೇಲೆ ತೇಪೆ ಹಾಕುವ ಕ್ರಮ ತಂದ. ಕೆಲವರಲ್ಲಿ ವರ್ಷಗಳ ಮೇಲೆ ತೇಪೆಯ ಎದುರಿನ ಗೋಡೆ ಉಬ್ಬಿ ತೆಳುವಾದದ್ದರಿಂದ ಅದು ಹಿಂದೆ ಸರಿಯಿತು. 1966ರಲ್ಲಿ ವಾಲ್ಡ್‌ಹೌಸನ್ ಮತ್ತು ನಾರ್‌ವೊಲ್ಡ್ ಎಡತೋಳಿನ ಅಪಧಮನಿಯನ್ನೇ ಕತ್ತರಿಸಿ ಮಡಚಿ ತೇಪೆಯಾಗಿ ಬಳಸಿದರು. ಕೊನೆಗೆ ಹೆಚ್ಚು ನಿಂತದ್ದು ಕ್ರಾಫೂರ್ಡ್‌ನ ದಾರಿಯೇ: ಡಕ್ಟಸ್‌ನ ಅಂಗಾಂಶವನ್ನು ಪೂರ್ತಿ ತೆಗೆದು, ಬಾಗಿನ ಕೆಳಭಾಗದ ತನಕ ವಿಸ್ತರಿಸಿ ತುದಿಗಳನ್ನು ಕೂಡಿಸುವುದು. 1982ರಿಂದ ಬಲೂನ್ ಉಬ್ಬಿಸಿ ಅಗಲ ಮಾಡುವ ಕ್ರಮ, 1990ರ ದಶಕದಿಂದ ಒಳಗೆ ಲೋಹದ ಬಲೆಯ ಸ್ಟೆಂಟ್ ಇಡುವ ಕ್ರಮ ಬಂದು, ದೊಡ್ಡ ಮಕ್ಕಳಲ್ಲಿ ಮತ್ತು ವಯಸ್ಕರಲ್ಲಿ ಎದೆ ತೆರೆಯುವ ಅಗತ್ಯ ಕಡಿಮೆಯಾಯಿತು. ಭಾರತ ಮತ್ತು ಪೂರ್ವ ಏಷ್ಯಾದ ವೈದ್ಯರು ಇಲ್ಲಿ ಒಂದು ಎಚ್ಚರ ವಹಿಸುತ್ತಾರೆ. ಪ್ರಾಯದವರಲ್ಲಿ ಮಹಾಪಧಮನಿ ಕಿರಿದಾಗಿ ಕಂಡರೆ ಅದು ಹುಟ್ಟುದೋಷವೇ ಆಗಿರಬೇಕೆಂದಿಲ್ಲ. ಜಪಾನಿನ ಕಣ್ಣಿನ ವೈದ್ಯ ತಕಯಾಸು 1908ರಲ್ಲಿ ಗುರುತಿಸಿದ, ನಾಳದ ಗೋಡೆಯ ಉರಿಯೂತದ ಕಾಯಿಲೆಯೂ ಇರಬಹುದು. ಅದು ಈ ಭಾಗಗಳಲ್ಲಿ ಹೆಚ್ಚು, ಅದರ ಚಿಕಿತ್ಸೆಯೂ ಬೇರೆ.

ಇಕ್ಕಟ್ಟು ತೆಗೆದರೆ ರೋಗ ಹೋಯಿತು ಎಂಬ ನಂಬಿಕೆ 1989ರ ಹೊತ್ತಿಗೆ ಸಡಿಲವಾಯಿತು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1946ರಿಂದ 1981ರವರೆಗೆ ಶಸ್ತ್ರಕ್ರಿಯೆಯಾದ 646 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ 30 ವರ್ಷಗಳ ನಂತರ ಬದುಕಿದ್ದವರು ಶೇಕಡಾ 72. ತೀರಿಕೊಂಡವರ ಸರಾಸರಿ ವಯಸ್ಸು 38. ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆಯಾದವರ ಸ್ಥಿತಿ ಉತ್ತಮವಾಗಿತ್ತು. ತಡವಾಗಿ ಚಿಕಿತ್ಸೆಯಾದವರಲ್ಲಿ ಅಡ್ಡಿ ಹೋದ ಮೇಲೂ ರಕ್ತದೊತ್ತಡ ಉಳಿಯುತ್ತಿತ್ತು. ವರ್ಷಗಟ್ಟಲೆ ಒತ್ತಡ ಉಂಡ ನಾಳಗಳು ಪೆಡಸಾಗಿದ್ದವು. ಹಾಗಾಗಿ ಇಂದು ಚಿಕಿತ್ಸೆಯಾದವರನ್ನು ಜೀವನಪೂರ್ತಿ ತಪಾಸಣೆಗೆ ಕರೆಯುತ್ತಾರೆ: ತೋಳಿನ ಒತ್ತಡ, ಎರಡೆಸಳಿನ ಕವಾಟ, ಹೊಲಿಗೆಯ ಜಾಗದ ಉಬ್ಬು, ಮತ್ತೆ ಕಿರಿದಾಗುವಿಕೆ ಎಲ್ಲವನ್ನೂ ನೋಡುತ್ತಾರೆ. ಹೆಣ್ಣುಮಕ್ಕಳು ಗರ್ಭಿಣಿಯಾಗುವ ಮೊದಲೇ ಹೃದಯತಜ್ಞರನ್ನು ಕಾಣುವಂತೆ ಹೇಳುತ್ತಾರೆ.

ಹೆರಿಗೆ ವಾರ್ಡುಗಳಲ್ಲಿ ಈಗ ಮಗುವಿನ ಕೈಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಚ್ಚಿ ಹೃದಯದೋಷ ಹುಡುಕುವ ರೂಢಿ ಹಲವು ದೇಶಗಳಲ್ಲಿದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವ ದೋಷಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಮಹಾಪಧಮನಿಯ ಇಕ್ಕಟ್ಟು ಆಗಾಗ ಅದರ ಕಣ್ತಪ್ಪಿಸುತ್ತದೆ, ಏಕೆಂದರೆ ಇಲ್ಲಿ ಕಡಿಮೆಯಾಗುವುದು ಹರಿವು. ಆಮ್ಲಜನಕ ಸಾಕಷ್ಟು ಇರಬಹುದು. ಡಕ್ಟಸ್ ಇನ್ನೂ ತೆರೆದಿರುವ ಮೊದಲ ದಿನ ತೊಡೆಸಂದಿನ ನಾಡಿಯೂ ಸರಿಯಾಗಿಯೇ ಸಿಗಬಹುದು. ಆದ್ದರಿಂದ ಮಕ್ಕಳ ವೈದ್ಯರು ಮೊದಲ ವಾರಗಳ ತಪಾಸಣೆಯಲ್ಲಿ ಮಗುವಿನ ತೊಡೆಸಂದಿನ ಮೇಲೆ ಮತ್ತೊಮ್ಮೆ ಬೆರಳಿಟ್ಟು ನೋಡುತ್ತಾರೆ. ಅನುಮಾನವಿದ್ದರೆ ಬಲತೋಳು ಮತ್ತು ಕಾಲಿನ ರಕ್ತದೊತ್ತಡ ಅಳೆದು, ಎಕೋ ಪರೀಕ್ಷೆಗೆ ಕಳಿಸುತ್ತಾರೆ.