ಚಿಗಟ ಮತ್ತು ಉಣ್ಣಿ ನಿಯಂತ್ರಣ: ಕಲಬುರಗಿ, ಕಮಲಾಪುರ

ಸಾಕುಪ್ರಾಣಿಗಳ ಮೈಯಲ್ಲೂ ಮನೆಯ ಸಂದುಗೊಂದಿಯಲ್ಲೂ ನೆಲೆಸುವ ರಕ್ತಹೀರುಕಗಳನ್ನು ಅಡಗಿಸುವ ಕ್ರಮಗಳು. ಚಿಗಟ ಆರು ಕಾಲಿನ, ನೆಗೆಯುವ ಕೀಟ. ಬೆಳೆದ ಉಣ್ಣಿಗೆ ಎಂಟು ಕಾಲು. ಅದು ಜೇಡದ ಬಳಗಕ್ಕೆ ಸೇರಿದ್ದು.

ಈ ಸೀಮೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಮನೆಮಂದಿಯ ಪಡಸಾಲೆ. ನೆಲಕ್ಕೆ ಶಹಾಬಾದ್ ಕಲ್ಲು. ಕಂದು ನಾಯಿ ಉಣ್ಣಿಗೆ ಇಷ್ಟು ಸಾಕು. ಅದು ಬದುಕಿನಲ್ಲಿ ಮೂರು ಸಲ ನಾಯಿಯ ರಕ್ತ ಕುಡಿದು ಮೂರು ಸಲವೂ ಕೆಳಗುದುರುತ್ತದೆ. ಕೊನೆಯ ಸಲ ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕೈಯಿಂದ ಕಿತ್ತು ಸೀಮೆಎಣ್ಣೆಗೆ ಹಾಕುವುದು, ಬೇವಿನೆಣ್ಣೆ ಸವರುವುದು, ಬೇವಿನ ಸೊಪ್ಪಿನ ಹೊಗೆ ಹಾಕುವುದು ಹಳೆಯ ಉಪಾಯಗಳು. ಹೊಗೆಗೆ ಸೊಳ್ಳೆ ಓಡೀತು, ಕಲ್ಲಿನ ಸಂದಿಯ ಉಣ್ಣಿ ಜಗ್ಗದು.

ಚಿಗಟದ ಭಯ ಊರೂರಿಗೆ ಮುಟ್ಟಿದ್ದು ಪ್ಲೇಗಿನಿಂದ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ರೋಗ 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ತಲುಪಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗಾ (ಇಂದಿನ ಕಲಬುರಗಿ) 1871ರಿಂದಲೇ ಮುಂಬಯಿ–ಮದರಾಸು ರೈಲುಮಾರ್ಗದ ಮೇಲಿತ್ತು; ರೋಗ ಬರಲು ದಾರಿ ತೆರೆದೇ ಇತ್ತು. ಇಲಿಯ ಚಿಗಟವೇ ರೋಗವಾಹಕವೆಂದು ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೊಂ ಕರಾಚಿಯಲ್ಲಿ ಕಂಡುಕೊಂಡದ್ದೂ 1898ರಲ್ಲೇ. ವೈದ್ಯಲೋಕ ಅದನ್ನು ಒಪ್ಪಲು ವರ್ಷಗಳು ಹಿಡಿದವು. ಉತ್ತರ ಕರ್ನಾಟಕದ ರೈತರು ಇಲಿ ಸತ್ತು ಬಿದ್ದೊಡನೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಚಿಗಟದ ವಿಷಯ ತಿಳಿಯದೆಯೇ ಅದಕ್ಕೆ ತಕ್ಕ ಮದ್ದು ಮಾಡಿದ್ದರು.

1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಡಿ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ಗುರಿ ಸೊಳ್ಳೆ, ಸತ್ತವರ ಸಾಲಿನಲ್ಲಿ ಚಿಗಟವೂ ಇತ್ತು. ಗ್ಯಾಮಾಕ್ಸಿನ್ ಪುಡಿಯನ್ನು ನಾಯಿ, ದನಗಳ ಮೈಗೇ ತಿಕ್ಕುವ ರೂಢಿಯೂ ಬಂತು. ನಾಯಿ ಮೈ ನೆಕ್ಕಿಕೊಳ್ಳುತ್ತದೆಂಬುದನ್ನು ಯಾರೂ ಗಣಿಸಿದಂತಿಲ್ಲ. ಆ ಪುಡಿಯ ಮೂಲದ್ರವ್ಯವಾದ ಬಿಎಚ್‌ಸಿಯನ್ನು ಭಾರತ 1997ರಲ್ಲಿ ನಿಷೇಧಿಸಿತು.

ಉಣ್ಣಿ ಮನುಷ್ಯರನ್ನೂ ಕೊಲ್ಲಬಲ್ಲದೆಂದು ಕರ್ನಾಟಕಕ್ಕೆ ತೋರಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ. ಅದನ್ನು ಹರಡುವುದು ಮಲೆನಾಡಿನ ಕಾಡಿನ ಉಣ್ಣಿ. ಬಯಲುಸೀಮೆಯ ಮನೆಯ ಉಣ್ಣಿಯ ಕಾಟ ಬೇರೆ. ಇದು ನಾಯಿಗಳಿಗೆ ಎರ್ಲಿಕಿಯಾ ಜ್ವರ ತರುತ್ತದೆ: ಮೈ ಸುಡುತ್ತದೆ, ಊಟ ಬಿಡುತ್ತದೆ, ವಸಡು ಬಿಳುಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ.

1980ರ ದಶಕದಲ್ಲಿ ಐವರ್‌ಮೆಕ್ಟಿನ್ ಪಶುವೈದ್ಯಕ್ಕೆ ಬಂತು. ಡೆಲ್ಟಾಮೆತ್ರಿನ್, ಅಮಿಟ್ರಾಜ್ ದ್ರಾವಣಗಳು ದನ, ಕುರಿಗಳಿಗೂ ಬಳಕೆಯಾದವು. ಆಮೇಲೆ ಕತ್ತಿನ ಹಿಂಭಾಗಕ್ಕೆ ಹನಿಸುವ ಫಿಪ್ರೊನಿಲ್, 2010ರ ದಶಕದಲ್ಲಿ ಫ್ಲುರಲನರ್‌ನಂಥ ಮಾತ್ರೆಗಳು. ಒಂದು ಮಾತ್ರೆಯ ಪರಿಣಾಮ ಮೂರು ತಿಂಗಳವರೆಗೆ ಇರುತ್ತದೆ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಾಗಲಿ ಕಲಬುರಗಿ ನಗರದಲ್ಲಾಗಲಿ, ನಾಯಿಗೆ ಮದ್ದು ಹಾಕಿ ನೆಲವನ್ನು ಮರೆತರೆ ಕೆಲಸ ಅರ್ಧ. ಚಿಗಟದ ಮೊಟ್ಟೆ, ಮರಿಹುಳು, ಕೋಶಗಳು ಪ್ರಾಣಿಯ ಮೈಮೇಲಲ್ಲ, ಅದು ಮಲಗುವ ಗೋಣಿಚೀಲದಲ್ಲಿರುತ್ತವೆ. ಚೀಲವನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು; ಕಲ್ಲುಸಂದಿಗಳನ್ನು ಗುಡಿಸಿ ಸಿಮೆಂಟಿನಿಂದ ಮುಚ್ಚಬೇಕು. ನಾಯಿಗೆಂದು ತಂದ ಪರ್ಮೆತ್ರಿನ್ ಔಷಧವನ್ನು ಬೆಕ್ಕಿಗೆ ಹಾಕಲೇಬಾರದು. ಬೆಕ್ಕಿಗೆ ಅದು ವಿಷ.